60ಕ್ಕೆ ಸಿಗುತ್ತಿದ್ದ ಪಿಂಚಣಿ 65ಕ್ಕೆ: ಮಾರಿಷಸ್‌ನಲ್ಲಿ ನಡೆದಿರುವುದೇನು?

ಮಾರಿಷಸ್‌ನಲ್ಲಿ 60 ತುಂಬಿದರೆ ಸಾಕು, ಸರ್ಕಾರದ ಪಿಂಚಣಿ ಶುರುವಾಗುತ್ತಿತ್ತು. ಅದೂ ಎಲ್ಲರಿಗೂ. ಕಬ್ಬು ಕಡಿದವರಿಗೆ, ಬ್ಯಾಂಕ್ ಮ್ಯಾನೇಜರ್ ಆಗಿದ್ದವರಿಗೆ, ಜೀವನಪೂರ್ತಿ ಮನೆ-ಮಕ್ಕಳು ಅಂತ ದುಡಿದು ಒಂದು ದಿನವೂ ಸಂಬಳ ಕಾಣದ ಹೆಂಗಸಿಗೆ, ಎಲ್ಲರಿಗೂ ಒಂದೇ ಮೊತ್ತ. 2025ರ ಹೊತ್ತಿಗೆ ಅದು ತಿಂಗಳಿಗೆ 15,000 ಮಾರಿಷಸ್ ರೂಪಾಯಿ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 28,000 ರೂಪಾಯಿ. ಡಿಸೆಂಬರ್‌ನಲ್ಲಿ ಒಂದು ತಿಂಗಳದ್ದು ಬೋನಸ್ಸಾಗಿ ಬೇರೆ ಬರುತ್ತದೆ.

2025ರ ಜೂನ್ 5ರಂದು ಪ್ರಧಾನಿ ನವೀನ್ ರಾಮಗೂಲಾಂ ಬಜೆಟ್ ಮಂಡಿಸಿದರು. ಹಣಕಾಸು ಖಾತೆಯೂ ಅವರ ಕೈಯಲ್ಲೇ ಇತ್ತು. ಪಿಂಚಣಿ ಸಿಗುವ ವಯಸ್ಸನ್ನು ಐದು ವರ್ಷದಲ್ಲಿ ಹಂತಹಂತವಾಗಿ 65ಕ್ಕೆ ಏರಿಸುತ್ತೇವೆ, ಸೆಪ್ಟೆಂಬರ್‌ನಿಂದಲೇ ಶುರು ಅಂದರು. ಜನ ಸಿಟ್ಟಾದರು. ಕಾರ್ಮಿಕ ಸಂಘಗಳು ಬೀದಿಗಿಳಿದವು. ಏಳೇ ತಿಂಗಳ ಹಿಂದೆ, 2024ರ ನವೆಂಬರ್ ಚುನಾವಣೆಯಲ್ಲಿ, ಇದೇ ಮೈತ್ರಿಕೂಟ ಸಂಸತ್ತಿನ 62 ಚುನಾಯಿತ ಸ್ಥಾನಗಳಲ್ಲಿ 60 ಗೆದ್ದಿತ್ತು. ಅಂಥ ಗೆಲುವು ಗೆದ್ದವರು ಇಷ್ಟು ಬೇಗ ಇಂಥ ಮಾತು ಆಡಬೇಕಾಗಿ ಬಂದಿದ್ದು ಯಾಕೆ?

ಅದಕ್ಕೆ ಉತ್ತರ ಬೇಕೆಂದರೆ ಈ ಪಿಂಚಣಿ ಎಲ್ಲಿಂದ ಬಂತು ಅಂತ ಮೊದಲು ತಿಳಿಯಬೇಕು. ಯಾಕೆಂದರೆ ಮಾರಿಷಸ್‌ನ ಜನ ಇದನ್ನು ಸರ್ಕಾರದ ಉಪಕಾರ ಅಂತ ನೋಡುವುದಿಲ್ಲ. ಕಷ್ಟಪಟ್ಟು ಪಡೆದ ಹಕ್ಕು ಅಂತ ನೋಡುತ್ತಾರೆ.

ಬೆಂಗಳೂರು ನಗರ ಜಿಲ್ಲೆಗಿಂತಲೂ ಈ ದ್ವೀಪ ಸ್ವಲ್ಪ ಚಿಕ್ಕದು. ಸುತ್ತ ಹಿಂದೂ ಮಹಾಸಾಗರ. ಜನಸಂಖ್ಯೆ ಸುಮಾರು ಹನ್ನೆರಡೂವರೆ ಲಕ್ಷ. 1834ರಿಂದ ಇಲ್ಲಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ತಂದು ಇಳಿಸಿದರು. ಅವರು ಹಾದುಹೋದ, ರಾಜಧಾನಿ ಪೋರ್ಟ್ ಲೂಯಿಯ ವಲಸೆ ಡಿಪೋದ ಜಾಗವೇ ಇವತ್ತಿನ ಅಪ್ರವಾಸಿ ಘಾಟ್. 2006ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ಹದಿನಾರೇ ಹದಿನಾರು. ಬಿಹಾರದವರು, ತಮಿಳರು, ತೆಲುಗರು, ಮರಾಠಿಗರು, ಲಕ್ಷಾಂತರ ಜನ ಈ ಘಾಟ್ ದಾಟಿ ತೋಟಗಳಿಗೆ ಹೋದರು.

ತೋಟದ ಕೆಲಸ ಮೈಮುರಿಯುವ ಕೆಲಸ. ಕೂಲಿ ಕಮ್ಮಿ. 1937ರಲ್ಲಿ ಯೂನಿಯನ್ ಫ್ಲಾಕ್‌ನಲ್ಲಿ ಕಬ್ಬು ಬೆಳೆಯುವ ಸಣ್ಣ ರೈತರು, ಕೂಲಿಗಳು ಪ್ರತಿಭಟಿಸಿದಾಗ ಗುಂಡು ಹಾರಿತು, ಜನ ಸತ್ತರು. 1943ರಲ್ಲಿ ಬೆಲ್ ವ್ಯೂ ಹಾರೆಲ್ ತೋಟದಲ್ಲಿ ಮತ್ತೆ ಹಾಗೇ ಆಯಿತು. ಅಂದು ಗುಂಡೇಟಿಗೆ ಬಲಿಯಾದವರಲ್ಲಿ ಅಂಜಲೈ ಕುಪ್ಪೆನ್ ಅನ್ನುವ ಗರ್ಭಿಣಿ ಹೆಂಗಸೂ ಇದ್ದಳು. ದೇಶದ ಒಂದು ಕ್ರೀಡಾಂಗಣಕ್ಕೆ ಇವತ್ತಿಗೂ ಅವಳ ಹೆಸರೇ ಇದೆ. ಇದಾದ ಕೆಲವೇ ವರ್ಷಕ್ಕೆ, 1948ರಲ್ಲಿ, ಓದು ಬರಹ ಬಲ್ಲ ಸಾಮಾನ್ಯರಿಗೂ ಮತದ ಹಕ್ಕು ಬಂತು. ಎರಡೇ ವರ್ಷಕ್ಕೆ, 1950ರಲ್ಲಿ, ವೃದ್ಧಾಪ್ಯ ಪಿಂಚಣಿ ಬಂತು.

ಆಗ ಅದು ಬಡವರಿಗೆ ಮಾತ್ರ ಇತ್ತು. ನಿನ್ನ ಆದಾಯ ಎಷ್ಟು, ಮಕ್ಕಳು ನೋಡಿಕೊಳ್ಳುತ್ತಾರಾ ಅಂತೆಲ್ಲ ಪರೀಕ್ಷೆ. 1958ರಲ್ಲಿ ಆ ಪರೀಕ್ಷೆ ಹೋಯಿತು. ಮರುವರ್ಷ, 1959ರಲ್ಲಿ, ವಯಸ್ಕರೆಲ್ಲರೂ ಮತ ಹಾಕುವ ಮೊದಲ ಚುನಾವಣೆ ನಡೆಯಿತು. ಮತ ಮತ್ತು ಪಿಂಚಣಿ ಈ ದ್ವೀಪದಲ್ಲಿ ಅವಳಿ ಮಕ್ಕಳ ಹಾಗೆ ಬೆಳೆದವು. ಮುಂದಿನ ಕಥೆಯಲ್ಲಿ ಈ ನಂಟು ಮತ್ತೆ ಮತ್ತೆ ಕಾಣುತ್ತದೆ.

ಎಲ್ಲರಿಗೂ ಯಾಕೆ ಕೊಡಬೇಕು, ಶ್ರೀಮಂತರಿಗೆ ಯಾಕೆ ಅಂತ ನಿಮಗೂ ಅನ್ನಿಸಿರಬಹುದು, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಆಮೇಲೆ ನಮ್ಮ ದೊಡ್ಡಮ್ಮನ ಪಿಂಚಣಿಗೆ ಓಡಾಡಿದೆ. ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್. ರೇಷನ್ ಕಾರ್ಡಿನಲ್ಲಿ ಮಗನ ಹೆಸರಿತ್ತು, ಮಗನಿಗೆ ಸಂಬಳ ಇತ್ತು. ಆ ಮಗ ಮನೆಗೆ ದುಡ್ಡು ಕೊಡದೆ ನಾಲ್ಕು ವರ್ಷ ಆಗಿತ್ತು, ಆದರೆ ಅದನ್ನು ಹೇಳುವ ಕಾಗದ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ದೊಡ್ಡಮ್ಮ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಸೆರಗಿನ ತುದಿ ಸುತ್ತುತ್ತಾ, 'ಬಿಡು ಮಗಾ, ಬೇಡ' ಅಂದಳು. ಆದಾಯ ಪರೀಕ್ಷೆ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಅವತ್ತು. ಶ್ರೀಮಂತರನ್ನು ಹೊರಗಿಡಲು ಹಾಕಿದ ಜರಡಿಯಲ್ಲಿ ಬಡವರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಮಾರಿಷಸ್‌ನಲ್ಲಿ ಈ ಜರಡಿ ಇಲ್ಲ. ಕೇಳುವುದು ಎರಡೇ: ವಯಸ್ಸೆಷ್ಟು, ಈ ದೇಶದಲ್ಲಿ ಎಷ್ಟು ವರ್ಷ ಇದ್ದೀರಿ. ಪ್ರಜೆಯಾಗಿದ್ದು, 18 ದಾಟಿದ ಮೇಲೆ ಒಟ್ಟು 12 ವರ್ಷ ಅಲ್ಲಿ ವಾಸವಿದ್ದರೆ ಸಾಕು. 600 ಕಿಲೋಮೀಟರ್ ದೂರದ ಪುಟ್ಟ ರೊಡ್ರಿಗ್ಸ್ ದ್ವೀಪದ ಮೀನುಗಾರನಿಗೂ ಅಷ್ಟೇ ಹಣ. 90 ದಾಟಿದರೆ ಇನ್ನೂ ಜಾಸ್ತಿ, 100 ದಾಟಿದರೆ ಅದಕ್ಕಿಂತ ಜಾಸ್ತಿ.

ಇದರ ಜೊತೆಗೆ ವಿಧವೆಯರಿಗೆ, ಅಂಗವಿಕಲರಿಗೆ, ಅನಾಥ ಮಕ್ಕಳಿಗೆ ಬೇರೆ ಬೇರೆ ಪಿಂಚಣಿಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಶಾಲೆ ಉಚಿತ. 2005ರಿಂದ ವಿದ್ಯಾರ್ಥಿಗಳಿಗೂ ಹಿರಿಯರಿಗೂ ಬಸ್ ಉಚಿತ. ಕೆಲಸ ಕಳೆದುಕೊಂಡವರಿಗೆ 2009ರಿಂದ ಒಂದು ಯೋಜನೆ ಇದೆ: ಮೊದಲ ಮೂರು ತಿಂಗಳು ಮೂಲ ಸಂಬಳದ ಶೇ. 90, ಮುಂದಿನ ಮೂರು ತಿಂಗಳು ಶೇ. 60, ಕೊನೆಯ ಆರು ತಿಂಗಳು ಶೇ. 30. ತೀರಾ ಬಡ ಕುಟುಂಬಗಳಿಗೆ 2016ರ ಕಾಯ್ದೆಯ ಅಡಿ ತಿಂಗಳ ಭತ್ಯೆ ಸಿಗುತ್ತದೆ. ಅದನ್ನು ಪಡೆಯುವವರು ಮಕ್ಕಳನ್ನು ಶಾಲೆಗೆ ಕಳಿಸುತ್ತೇವೆ, ಕೆಲಸ ಹುಡುಕುತ್ತೇವೆ ಅಂತ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಇವೆಲ್ಲ ಮುಖ್ಯವೇ. ಆದರೆ ಹಣದ ಲೆಕ್ಕದಲ್ಲಿ ವೃದ್ಧಾಪ್ಯ ಪಿಂಚಣಿಯ ಮುಂದೆ ಉಳಿದವು ಚಿಕ್ಕವು. ಹಾಗಾಗಿ ಸರ್ಕಾರದ ಆದ್ಯತೆ ಏನು ಅಂತ ಕೇಳಿದರೆ ಚರ್ಚೆ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತದೆ.

ಹಣ ಎಲ್ಲಿಂದ?

ನಮ್ಮಲ್ಲಿ ಪಿಎಫ್ ಇದ್ದಹಾಗೆ ಅಲ್ಲಿಯೂ ಒಂದು ನಿಧಿ ಇತ್ತು. 1976ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಪಿಂಚಣಿ ನಿಧಿ. ನೌಕರ ಸ್ವಲ್ಪ, ಮಾಲೀಕ ಸ್ವಲ್ಪ ಕಟ್ಟಬೇಕು, ವಯಸ್ಸಾದ ಮೇಲೆ ಕಟ್ಟಿದ್ದಕ್ಕೆ ತಕ್ಕಂತೆ ವಾಪಸ್ ಬರುತ್ತದೆ. ಇದಕ್ಕೂ ನಾವು ಮಾತಾಡುತ್ತಿರುವ ಪಿಂಚಣಿಗೂ ಸಂಬಂಧವಿಲ್ಲ. ಎಲ್ಲರಿಗೂ ಸಿಗುವ ಪಿಂಚಣಿಗೆ ಯಾರೂ ಕಂತು ಕಟ್ಟಿಲ್ಲ. ಅದು ನೇರವಾಗಿ ಬಜೆಟ್‌ನಿಂದ, ಅಂದರೆ ಈ ವರ್ಷ ಜನ ಕಟ್ಟುವ ತೆರಿಗೆಯಿಂದ ಬರುತ್ತದೆ. ಇಂದು ದುಡಿಯುವವರ ತೆರಿಗೆ, ಇಂದಿನ ಹಿರಿಯರಿಗೆ.

ಇದು ನಡೆಯಬೇಕಾದರೆ ದುಡಿಯುವವರು ಸಾಕಷ್ಟು ಇರಬೇಕು. ಇಲ್ಲೇ ಲೆಕ್ಕ ತಪ್ಪುವುದು.

1960ರ ಆಸುಪಾಸಿನಲ್ಲಿ ಮಾರಿಷಸ್‌ನ ಚಿಂತೆ ಉಲ್ಟಾ ಇತ್ತು. ಎರಡನೇ ಮಹಾಯುದ್ಧದ ನಂತರ ಮಲೇರಿಯಾ ಹತೋಟಿಗೆ ಬಂತು, ಸಾಯುವ ಮಕ್ಕಳ ಸಂಖ್ಯೆ ಇಳಿಯಿತು, ಜನಸಂಖ್ಯೆ ಒಂದೇ ಸಮನೆ ಏರಿತು. ಮನೆ ತುಂಬ ಮಕ್ಕಳು. ಜೇಮ್ಸ್ ಮೀಡ್ ಅನ್ನುವ ಅರ್ಥಶಾಸ್ತ್ರಜ್ಞರು ಬಂದು ಅಧ್ಯಯನ ಮಾಡಿ, ಇಷ್ಟು ಜನಕ್ಕೆ ಕೆಲಸ ಸಿಗುವುದು ಕಷ್ಟ ಅಂತ ಬೇಸರದ ಚಿತ್ರ ಕೊಟ್ಟರು. ಮುಂದೆ 1977ರಲ್ಲಿ ನೊಬೆಲ್ ಪಡೆದವರು ಅವರು. ಸಾಮಾಜಿಕ ನೀತಿಯ ಬಗ್ಗೆ ವರದಿ ಬರೆದ ರಿಚರ್ಡ್ ಟಿಟ್ಮಸ್ ಕುಟುಂಬ ಯೋಜನೆಗೆ ಒತ್ತು ಕೊಟ್ಟರು.

ದ್ವೀಪ ಎರಡನ್ನೂ ಗೆದ್ದಿತು. ಸಕ್ಕರೆ ಜೊತೆಗೆ 1970ರಿಂದ ರಫ್ತಿನ ಬಟ್ಟೆ ಕಾರ್ಖಾನೆಗಳು ಬಂದವು, ಸಾವಿರಾರು ಹೆಂಗಸರಿಗೆ ಕೆಲಸ ಸಿಕ್ಕಿತು. ಆಮೇಲೆ ಪ್ರವಾಸೋದ್ಯಮ, ಆಮೇಲೆ ಹಣಕಾಸು ಸೇವೆ. ಮಕ್ಕಳ ಸಂಖ್ಯೆಯೂ ಇಳಿಯಿತು. ಎಷ್ಟರ ಮಟ್ಟಿಗೆ ಅಂದರೆ ಈಗ ಒಬ್ಬ ಹೆಂಗಸಿಗೆ ಸರಾಸರಿ 1.4 ಮಕ್ಕಳ ಆಸುಪಾಸು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಓದಿದ ಯುವಕರು ಫ್ರಾನ್ಸ್, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಂತ ಹೊರಡುತ್ತಾರೆ. ಇತ್ತ ಪಿಂಚಣಿ ಪಡೆಯುವವರು ಎರಡೂವರೆ ಲಕ್ಷ ದಾಟಿದ್ದಾರೆ. ಐವರಲ್ಲಿ ಒಬ್ಬರು ಅಂದುಕೊಳ್ಳಿ.

ಇಷ್ಟೇ ಆಗಿದ್ದರೆ ನಿಧಾನವಾಗಿ ಸರಿಮಾಡಿಕೊಳ್ಳಬಹುದಿತ್ತು. ಆದರೆ ಮೊತ್ತವೂ ಏರಿತು. 2014ರ ಕೊನೆಗೆ ಪಿಂಚಣಿ 3,623 ರೂಪಾಯಿ ಇತ್ತು. ಆ ವರ್ಷದ ಚುನಾವಣೆಯಲ್ಲಿ ಗೆದ್ದವರು ಒಂದೇ ಏಟಿಗೆ 5,000 ಮಾಡಿದರು. 2019ರಲ್ಲಿ ಮತ್ತೆ ಚುನಾವಣೆ, 2020ರ ಜನವರಿಗೆ 9,000. 2024ರ ಚುನಾವಣೆಯ ವರ್ಷದಲ್ಲಿ 11,000 ಇದ್ದದ್ದು 13,500 ಆಯಿತು, ಅಲ್ಲಿಂದ 15,000ಕ್ಕೆ ಹೋಯಿತು. ಹತ್ತು ವರ್ಷದಲ್ಲಿ ನಾಲ್ಕು ಪಟ್ಟು. ಬೆಲೆಗಳು ಏರಿದವು ನಿಜ. ತಿನ್ನುವ ಅಕ್ಕಿ, ಗೋಧಿ, ಸುಡುವ ಪೆಟ್ರೋಲ್ ಎಲ್ಲ ಹೊರಗಿಂದಲೇ ಬರುವ ದ್ವೀಪ ಅದು, ರೂಪಾಯಿ ಸ್ವಲ್ಪ ಕುಸಿದರೂ ಅಂಗಡಿಯಲ್ಲಿ ಗೊತ್ತಾಗುತ್ತದೆ. ಆದರೂ ಬೆಲೆಗಳು ನಾಲ್ಕು ಪಟ್ಟು ಆಗಿಲ್ಲ.

ಇನ್ನೊಂದು ತಪ್ಪು ನನ್ನ ಪ್ರಕಾರ ಇದಕ್ಕಿಂತ ದೊಡ್ಡದು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆ ಹಳೆಯ ರಾಷ್ಟ್ರೀಯ ಪಿಂಚಣಿ ನಿಧಿಗೆ ಕಂತು ಕಟ್ಟಿಸಿಕೊಳ್ಳುವುದನ್ನೇ ನಿಲ್ಲಿಸಿತು. ಅದರ ಜಾಗದಲ್ಲಿ ಸಿಎಸ್‌ಜಿ ಅನ್ನುವ ಹೊಸ ವಂತಿಗೆ ತಂದಿತು. 50,000 ರೂಪಾಯಿವರೆಗಿನ ಸಂಬಳಕ್ಕೆ ನೌಕರನಿಂದ ಶೇ. 1.5, ಮಾಲೀಕನಿಂದ ಶೇ. 3. ಅದಕ್ಕಿಂತ ಜಾಸ್ತಿ ಸಂಬಳವಿದ್ದರೆ ಎರಡೂ ದುಪ್ಪಟ್ಟು. ಜಾಸ್ತಿ ಸಂಬಳದವರು ಜಾಸ್ತಿ ಕೊಡಲಿ ಅನ್ನುವುದು ನ್ಯಾಯವೇ. ತೊಂದರೆ ಇರುವುದು ಹಣ ಹೋಗುವ ಜಾಗದಲ್ಲಿ. ಹಳೆಯ ನಿಧಿಯಲ್ಲಿ ನಿಮ್ಮ ಕಂತು ನಿಮ್ಮ ಲೆಕ್ಕಕ್ಕೆ ಕೂಡುತ್ತಿತ್ತು, ಹೂಡಿಕೆಯಾಗಿ ಬೆಳೆಯುತ್ತಿತ್ತು. ಸಿಎಸ್‌ಜಿ ಹಣ ಸರ್ಕಾರದ ಸಾಮಾನ್ಯ ಖಜಾನೆಗೆ ಬಿತ್ತು. ಬಂದ ಹಾಗೆ ಖರ್ಚೂ ಆಯಿತು. ಮುಂದಿನ ಇಪ್ಪತ್ತು ವರ್ಷಕ್ಕೆ ಅಂತ ಎತ್ತಿಡಬೇಕಾದ ಬುತ್ತಿಯನ್ನು ಇವತ್ತಿನ ಊಟಕ್ಕೇ ಬಿಚ್ಚಿದ ಹಾಗೆ.

2025ರಲ್ಲಿ ಹೊಸ ಸರ್ಕಾರ ಪುಸ್ತಕ ತೆರೆದಾಗ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90ರ ಹತ್ತಿರ ಇತ್ತು. ಸಾಲ ತೀರಿಸುವ ಶಕ್ತಿ ನೋಡಿ ದೇಶಗಳಿಗೆ ದರ್ಜೆ ಕೊಡುವ ಮೂಡೀಸ್ ಸಂಸ್ಥೆ ಜನವರಿಯಲ್ಲೇ ಮಾರಿಷಸ್‌ನ ಮುಂಗಾಣ್ಕೆಯನ್ನು ನಕಾರಾತ್ಮಕ ಅಂತ ಬದಲಿಸಿತ್ತು. ದರ್ಜೆ ಇನ್ನೊಂದು ಮೆಟ್ಟಿಲು ಇಳಿದರೆ ಹೂಡಿಕೆಗೆ ಯೋಗ್ಯ ಅನ್ನುವ ಪಟ್ಟಿಯಿಂದ ದೇಶ ಹೊರಗೆ. ದೊಡ್ಡ ದೇಶಗಳು ಇಂಥ ಏಟು ತಡೆದುಕೊಳ್ಳುತ್ತವೆ. ಹನ್ನೆರಡೂವರೆ ಲಕ್ಷ ಜನರ ದ್ವೀಪಕ್ಕೆ ಹೊರಗಿನ ಬಂಡವಾಳ, ಹೊರಗಿನ ಪ್ರವಾಸಿಗರು, ಹೊರಗಿನ ಧಾನ್ಯವೇ ಜೀವ. ಸಾಲದ ಬಡ್ಡಿ ಏರಿದರೆ ಮೊದಲು ಸೊರಗುವುದು ಆಸ್ಪತ್ರೆ, ಶಾಲೆ.

ಮೂರು ದಾರಿ, ಮೂರು ಥರದ ನೋವು

ಪಿಂಚಣಿ ಖರ್ಚು ಇಳಿಸಲು ಯಾವ ಸರ್ಕಾರಕ್ಕಾದರೂ ಇರುವುದು ಮೂರು ದಾರಿ. ಮೊತ್ತ ಇಳಿಸಬಹುದು. ಪಡೆಯುವವರನ್ನು ಸೋಸಬಹುದು. ವಯಸ್ಸು ಏರಿಸಬಹುದು.

ಮೊತ್ತ ಇಳಿಸಿದರೆ ಇವತ್ತು ಪಡೆಯುತ್ತಿರುವ ಪ್ರತಿಯೊಬ್ಬರ ತಟ್ಟೆಗೆ ಕೈಹಾಕಿದಂತೆ. ಔಷಧಿ ಚೀಟಿ ಹಿಡಿದು ನಿಂತಿರುವ 80ರ ಅಜ್ಜಿಗೂ ಅದು ತಟ್ಟುತ್ತದೆ. ಆ ಮಾತು ಯಾರೂ ಎತ್ತಲಿಲ್ಲ.

ಸೋಸುವುದನ್ನು ಒಮ್ಮೆ ಮಾಡಿ ನೋಡಿದ್ದಾರೆ. 2004ರಲ್ಲಿ, ಪಾಲ್ ಬೆರಾಂಜೆ ಪ್ರಧಾನಿಯಾಗಿದ್ದಾಗ, ಹೆಚ್ಚು ಆದಾಯದವರಿಗೆ ಪಿಂಚಣಿ ನಿಲ್ಲಿಸಿದರು. ಪಿಂಚಣಿ ಕಳೆದುಕೊಂಡವರು ಕಮ್ಮಿಯೇ. ಆದರೆ ಇಂದು ಅವರದ್ದು, ನಾಳೆ ನಮ್ಮದು ಅಂತ ಎಲ್ಲರಿಗೂ ಅನ್ನಿಸಿತು. 2005ರ ಚುನಾವಣೆಯಲ್ಲಿ ಸರ್ಕಾರ ಸೋತಿತು. ಗೆದ್ದು ಬಂದ ನವೀನ್ ರಾಮಗೂಲಾಂ ಪಿಂಚಣಿಯನ್ನು ಮತ್ತೆ ಎಲ್ಲರಿಗೂ ತೆರೆದರು. ಹೌದು, 2025ರ ಬಜೆಟ್ ಮಂಡಿಸಿದ ಅದೇ ರಾಮಗೂಲಾಂ. ಇಪ್ಪತ್ತು ವರ್ಷ ಕಳೆದರೂ ಆ ಪಾಠ ಅವರು ಮರೆತಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಈ ಸಲ ಮೂರನೇ ದಾರಿ ಹಿಡಿದರು.

ವಯಸ್ಸು ಏರಿಸುವುದಕ್ಕೆ ಗಟ್ಟಿ ಕಾರಣವೂ ಇತ್ತು. ಕೆಲಸದಿಂದ ನಿವೃತ್ತಿಯ ವಯಸ್ಸು ಅಲ್ಲಿ ಈಗಾಗಲೇ 65. ಪಿಂಚಣಿ ಮಾತ್ರ 60ಕ್ಕೆ ಸಿಗುತ್ತಿತ್ತು. ಅಂದರೆ ಕಚೇರಿಯಲ್ಲಿ ಒಳ್ಳೆಯ ಸಂಬಳದ ಕೆಲಸ ಇದ್ದವರು ಐದು ವರ್ಷ ಸಂಬಳವನ್ನೂ ಪಡೆಯುತ್ತಿದ್ದರು, ಪಿಂಚಣಿಯನ್ನೂ ಪಡೆಯುತ್ತಿದ್ದರು. ಆ ಐದು ವರ್ಷದ ಹಣ ಉಳಿಸೋಣ ಅಂದರೆ ಕೇಳುವುದಕ್ಕೆ ಸರಿಯಾಗೇ ಇದೆ.

ಆದರೆ ಒಬ್ಬ ಹೆಂಗಸನ್ನು ಕಣ್ಣ ಮುಂದೆ ತಂದುಕೊಳ್ಳಿ. 2025ರಲ್ಲಿ ಅವಳಿಗೆ 50. ಫ್ಲಾಕ್ ಕಡೆಯ ಹಳ್ಳಿ. ಹದಿನಾರಕ್ಕೆ ಬಟ್ಟೆ ಕಾರ್ಖಾನೆ ಸೇರಿದಳು, ಅದು ಮುಚ್ಚಿದ ಮೇಲೆ ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುತ್ತಾಳೆ. ಸೊಂಟ ಹಿಡಿದುಕೊಳ್ಳುತ್ತದೆ. 60ಕ್ಕೆ ಪಿಂಚಣಿ ಬರುತ್ತೆ, ಅಲ್ಲಿಯವರೆಗೆ ತಳ್ಳಿದರೆ ಆಯಿತು ಅಂತ ಲೆಕ್ಕ ಹಾಕಿಕೊಂಡಿದ್ದಳು. ಈಗ ಅದು 65. ತಿಂಗಳಿಗೆ 15,000ದಂತೆ, ಬೋನಸ್ಸೂ ಸೇರಿ ವರ್ಷಕ್ಕೆ 1,95,000. ಐದು ವರ್ಷಕ್ಕೆ 9,75,000 ರೂಪಾಯಿ. ಅವಳ ಜೀವನದಲ್ಲಿ ಒಟ್ಟಿಗೆ ಅಷ್ಟು ಹಣ ಎಂದೂ ಕಂಡಿಲ್ಲ. 62ರಲ್ಲಿ ಅವಳಿಗೆ ಆ ಕೆಲಸ ಮಾಡಲು ಆಗುತ್ತದಾ? ಆಗದಿದ್ದರೆ ಯಾರು ಕೆಲಸ ಕೊಡುತ್ತಾರೆ? ಕಚೇರಿಯವರಿಗೆ ಐದು ವರ್ಷ ತಡ ಅಂದರೆ ಎರಡು ಆದಾಯದಲ್ಲಿ ಒಂದು ಹೋಯಿತು. ಇವಳಿಗೆ ಇರುವುದೇ ಒಂದು.

ಮನೆಯಲ್ಲೇ ದುಡಿದ ಹೆಂಗಸರ ಕಥೆ ಇನ್ನೂ ಕಷ್ಟ. 60ರ ಪಿಂಚಣಿ ಎಷ್ಟೋ ಜನಕ್ಕೆ ಬದುಕಿನಲ್ಲಿ ಮೊದಲ ಬಾರಿ ಸ್ವಂತ ಹೆಸರಿಗೆ ಬರುವ ದುಡ್ಡು. ಗಂಡನ ಮುಂದೆ, ಸೊಸೆಯ ಮುಂದೆ ಕೈಚಾಚದೆ ಮೊಮ್ಮಗುವಿಗೆ ಒಂದು ಬಿಸ್ಕತ್ ಪೊಟ್ಟಣ ಕೊಡಿಸುವ ಧೈರ್ಯ ಅದು. ಅದನ್ನು ಐದು ವರ್ಷ ಮುಂದೆ ಹಾಕುವುದು ಸಣ್ಣ ವಿಷಯ ಅಲ್ಲ.

ಸಿಟ್ಟು ಜೋರಾದ ಮೇಲೆ ಸರ್ಕಾರ ಒಂದು ಮೆಟ್ಟಿಲು ಇಳಿಯಿತು. 60ರಿಂದ 65ರ ನಡುವಿನ ಬಡವರಿಗೆ ತಿಂಗಳಿಗೆ 10,000 ರೂಪಾಯಿ ಆಸರೆ ಕೊಡುತ್ತೇವೆ ಅಂತ ಹೇಳಿತು. ಒಳ್ಳೆಯದೇ. ಆದರೆ ಇದರ ಅರ್ಥ ಗಮನಿಸಿ: ಬಡವರು ಯಾರು ಅಂತ ಈಗ ಯಾರೋ ನಿರ್ಧರಿಸಬೇಕು. ಅರ್ಜಿ, ಮನೆಯ ಆದಾಯದ ಲೆಕ್ಕ, ಪುರಾವೆ. ಮುಂದಿನ ಬಾಗಿಲಿನಿಂದ ಕಳಿಸಿದ್ದ ಆದಾಯ ಪರೀಕ್ಷೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ. ನನಗೆ ನಮ್ಮ ದೊಡ್ಡಮ್ಮ ಕೂತಿದ್ದ ಬೆಂಚು ನೆನಪಾಗುತ್ತದೆ.

ಹಾಗಾದರೆ ಏನು ಮಾಡಬೇಕಿತ್ತು? ನನ್ನ ಅಭಿಪ್ರಾಯ ಹೇಳುತ್ತೇನೆ. ಎಲ್ಲರಿಗೂ ಕೊಡುವುದನ್ನು ಬಿಡಬಾರದು. ಉಳ್ಳವರಿಗೆ ಕೊಟ್ಟಿದ್ದನ್ನು ತೆರಿಗೆಯಲ್ಲಿ ವಾಪಸ್ ತೆಗೆದುಕೊಳ್ಳಬಹುದು. ಆಗ ಪರೀಕ್ಷೆ ಎದುರಿಸುವವರು ಲೆಕ್ಕಪತ್ರ ಇಟ್ಟುಕೊಂಡ ಶ್ರೀಮಂತರು, ಬಡ ಮುದುಕಿಯಲ್ಲ. ವಯಸ್ಸು ಏರಿಸಲೇಬೇಕಾದರೆ ಮೈಮುರಿದು ದುಡಿದವರಿಗೆ, ಅಂದರೆ ಕಬ್ಬಿನ ಗದ್ದೆ, ಕಟ್ಟಡ, ಕಡಲು, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವರಿಗೆ, 60ಕ್ಕೇ ಬಾಗಿಲು ತೆರೆದಿಡಬೇಕು. ದುಡಿದ ವರ್ಷಗಳ ದಾಖಲೆ ಹಳೆಯ ಪಿಂಚಣಿ ನಿಧಿಯಲ್ಲೇ ಇದೆ, ಎಲ್ಲರದ್ದೂ ಅಲ್ಲದಿದ್ದರೂ ತುಂಬ ಜನರದ್ದು. ಮತ್ತೆ ಮೊತ್ತ ಏರಿಸುವ ಅಧಿಕಾರವನ್ನು ಚುನಾವಣಾ ವೇದಿಕೆಯಿಂದ ಇಳಿಸಿ ಬೆಲೆ ಏರಿಕೆಯ ಲೆಕ್ಕಕ್ಕೆ ಕಟ್ಟಿಹಾಕಬೇಕು. ಇದಕ್ಕೂ ಹಣ ಬೇಕು, ಇದೂ ಸುಲಭವಲ್ಲ. ಆದರೆ ಭಾರ ಹೊರಬಲ್ಲವರ ಹೆಗಲಿಗೆ ಮೊದಲು ಬೀಳುತ್ತದೆ.

ವಯಸ್ಸಿನ ಜಗಳದ ಗದ್ದಲದಲ್ಲಿ ಇನ್ನೊಂದು ಕೆಲಸ ಹಿಂದೆ ಸರಿಯುತ್ತಿದೆ ಅನ್ನುವುದೂ ನನ್ನ ಆತಂಕ. ಮಕ್ಕಳು ಕಡಿಮೆ, ಇದ್ದವರೂ ಹೊರದೇಶದಲ್ಲಿ. ಹಾಸಿಗೆ ಹಿಡಿದ ಅಪ್ಪನಿಗೆ ಸ್ನಾನ ಮಾಡಿಸುವವರು ಯಾರು? 15,000 ಕೈಯಲ್ಲಿದ್ದರೂ ಆ ಹಣಕ್ಕೆ ಬೆಳಿಗ್ಗೆ ಸಂಜೆ ಬಂದುಹೋಗುವ ಒಬ್ಬ ಸಹಾಯಕಿ ಸಿಗಬೇಕಲ್ಲ. ಇದಕ್ಕೆ ಮಾರಿಷಸ್ ಬುನಾದಿ ಹಾಕಿಟ್ಟುಕೊಂಡಿದೆ. ಸದಾ ಆರೈಕೆ ಬೇಕಾದವರಿಗೆ ಪಿಂಚಣಿಯ ಮೇಲೆ ಆರೈಕೆ ಭತ್ಯೆ ಇದೆ. ಹಿರಿಯರಿಗೆ ತೊಂದರೆ ಕೊಡುವವರ ವಿರುದ್ಧ 2005ರಲ್ಲೇ ಕಾನೂನು ಬಂದಿದೆ. ಕಡಲ ದಡದಲ್ಲಿ ಹಿರಿಯರಿಗೆಂದೇ ವಿಹಾರ ಕೇಂದ್ರಗಳಿವೆ, ಹಳ್ಳಿಯ ಅಜ್ಜಿಯರು ಗುಂಪಾಗಿ ಬಸ್ಸಿನಲ್ಲಿ ಹೋಗಿ ಎರಡು ಮೂರು ದಿನ ಇದ್ದು ಹಾಡಿ ಕುಣಿದು ಬರುತ್ತಾರೆ. 90 ದಾಟಿದವರ ಮನೆಗೆ ಸಾಮಾಜಿಕ ಭದ್ರತಾ ಇಲಾಖೆಯ ವೈದ್ಯರೇ ಚೀಲ ಹಿಡಿದು ಹೋಗುತ್ತಾರೆ. ಪಿಂಚಣಿಯಲ್ಲಿ ಉಳಿಯುವ ಹಣದಲ್ಲಿ ಒಂದು ಪಾಲು ಸಾಲಕ್ಕೆ ಹೋಗಲಿ, ಒಂದು ಪಾಲು ಆ ವೈದ್ಯರ ಜೊತೆ ಹೋಗುವ ನರ್ಸಿಗೆ, ಸಹಾಯಕಿಗೆ ಹೋಗಲಿ ಅನ್ನುವುದು ನನ್ನ ಆಸೆ. 50ರ ಆ ಹೆಂಗಸಿಗೆ 65 ಆಗುವುದು 2040ಕ್ಕೆ. ಅವಳ ಒಬ್ಬನೇ ಮಗ ಆಗ ಎಲ್ಲಿರುತ್ತಾನೋ.